ಕೇಳದೆ ಮಾಡಿದ ರಿಪೇರಿಗೂ ಬಿಲ್ ಹಾಕಿದರೆ ಏನು ಮಾಡಬೇಕು?

ದಸರಾ ರಜೆಗೆ ಮೊದಲು ಕಾರಿನ ಎಸಿ ಸರಿ ಮಾಡಿಸಬೇಕು. ರಿಂಗ್ ರೋಡ್ ಪಕ್ಕದ ಒಂದು ಗ್ಯಾರೇಜಿಗೆ ಬಿಟ್ಟು ಬರುತ್ತೀರಿ ಅಂದುಕೊಳ್ಳಿ. ಮೂರೂವರೆ ಸಾವಿರದ ಆಸುಪಾಸು ಆಗಬಹುದು ಅಂದಿರುತ್ತಾರೆ. ಸಂಜೆ ಹೋದರೆ ಬಿಲ್ 10,200 ರೂಪಾಯಿ! ಎಸಿ ಕೆಲಸಕ್ಕೆ 3,600, ಮಧ್ಯಾಹ್ನ ಫೋನಿನಲ್ಲಿ ನೀವು ಒಪ್ಪಿದ ಬ್ರೇಕ್ ಪ್ಯಾಡ್‌ಗೆ 3,200. ಅದರ ಕೆಳಗೆ ಇಂಜೆಕ್ಟರ್ ಕ್ಲೀನಿಂಗ್ 1,900, ಎಂಜಿನ್ ಫ್ಲಶ್ (ಎಂಜಿನ್ ಒಳಗೆ ತೊಳೆಯುವುದು) 800, ವೀಲ್ ಅಲೈನ್‌ಮೆಂಟ್ 700. ಯಾಕೆ ಅಂತ ಕೇಳಿದರೆ, 'ಗಾಡಿ ಚೆನ್ನಾಗಿರ್ಲಿ ಅಂತ ಮಾಡಿದ್ವಿ ಸಾರ್' ಅನ್ನುವ ಉತ್ತರ.

ಇಂಥ ಹೊತ್ತಿನಲ್ಲಿ ನಾವು ಎರಡರಲ್ಲಿ ಒಂದು ಮಾಡುತ್ತೇವೆ. ಒಂದೋ ಗೊಣಗಿಕೊಂಡು ಪೂರ್ತಿ ಕೊಟ್ಟು ಬರುತ್ತೇವೆ. ಇಲ್ಲವೇ ಕೂಗಾಡಿ, ಒಂದು ಪೈಸೆಯೂ ಕೊಡಲ್ಲ ಅನ್ನುತ್ತೇವೆ. ಎರಡರಲ್ಲೂ ನಷ್ಟ ನಮ್ಮದೇ. ತಕರಾರು ಇರಬೇಕಾದದ್ದು ಇಡೀ ಬಿಲ್ಲಿನ ಮೇಲಲ್ಲ, ನಾವು ಒಪ್ಪದ ಸಾಲುಗಳ ಮೇಲೆ ಮಾತ್ರ. ಆ ಸಾಲುಗಳನ್ನು ಬೇರೆ ಮಾಡಿ ತೋರಿಸುವವರಿಗೆ ದುಡ್ಡು ವಾಪಸ್ ಬರುವ ಸಾಧ್ಯತೆ ಜಾಸ್ತಿ.

ಕಾರು ಗ್ಯಾರೇಜಿಗೆ ಬಿಡುವುದೆಂದರೆ, ಕಾನೂನಿನ ಲೆಕ್ಕದಲ್ಲಿ ಅದೊಂದು ಒಪ್ಪಂದ. ಇಂಥ ಕೆಲಸ ಮಾಡಿ, ಇಷ್ಟು ಕೊಡುತ್ತೇನೆ ಅನ್ನುವ ಒಪ್ಪಂದ. ಅದಕ್ಕೆ 1872ರ ಕರಾರು ಕಾಯ್ದೆ ಅನ್ವಯಿಸುತ್ತದೆ. ದುಡ್ಡು ಕೊಟ್ಟು ಸೇವೆ ಪಡೆಯುವುದರಿಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯೂ ಬರುತ್ತದೆ. ಗೊತ್ತಿರಬೇಕಾದ ವಿಷಯವನ್ನು ಬೇಕಂತಲೇ ಮುಚ್ಚಿಡುವುದನ್ನು ಈ ಕಾಯ್ದೆ ಸೇವಾ ನ್ಯೂನತೆ ಅನ್ನುತ್ತದೆ. ಮಾಡಿದ ಕೆಲಸಕ್ಕೆ ಬಿಲ್ ಕೊಡದಿರುವುದನ್ನು ಅನುಚಿತ ವ್ಯಾಪಾರ ಪದ್ಧತಿ ಅನ್ನುತ್ತದೆ. ಬಿಲ್ ಬೇಡ ಅಂದರೆ ಕಡಿಮೆ ಮಾಡುತ್ತೇವೆ ಅಂತ ಯಾರಾದರೂ ಆಸೆ ತೋರಿಸಿದರೆ ಇದನ್ನು ನೆನಪಿಡಿ. ಬಿಲ್ ಇಲ್ಲದಿದ್ದರೆ ಮುಂದೆ ಹೇಳುವ ಅರ್ಧ ದಾರಿ ಅಲ್ಲೇ ಮುಚ್ಚುತ್ತದೆ.

ಗಾಡಿ ಬಿಡುವಾಗ

ಜಾಬ್ ಕಾರ್ಡ್, ಅಂದರೆ ಮಾಡಬೇಕಾದ ಕೆಲಸದ ಚೀಟಿ ಬರೆಸಿ. 'ಜನರಲ್ ಚೆಕಪ್' ಅಂತ ಬರೆಸಬೇಡಿ, ಅದರೊಳಗೆ ಏನು ಬೇಕಾದರೂ ಹಿಡಿಸುತ್ತದೆ. 'ಎಸಿ ತಣ್ಣಗಾಗುತ್ತಿಲ್ಲ, ಕಾರಣ ನೋಡಿ ಸರಿ ಮಾಡಿ' ಅಂತ ಬರೆಸಿ. ಅಂದಾಜು ಖರ್ಚು ಕೇಳಿ ಅದನ್ನೂ ಬರೆಸಿ. ಕೊನೆಗೆ ನಿಮ್ಮ ಕೈಯಿಂದಲೇ ಒಂದು ಸಾಲು: 'ಇದಕ್ಕಿಂತ ಜಾಸ್ತಿ ಕೆಲಸ ಅಥವಾ ಖರ್ಚು ಬಂದರೆ ಮೆಸೇಜ್ ಮಾಡಿ ಒಪ್ಪಿಗೆ ಪಡೆಯಿರಿ'. ಆ ಕಾರ್ಡಿನ ಫೋಟೊ ತೆಗೆದುಕೊಳ್ಳಿ. ಮೀಟರ್, ಪೆಟ್ರೋಲ್ ಮುಳ್ಳು, ಕಾರಿನ ನಾಲ್ಕೂ ಮಗ್ಗುಲ ಫೋಟೊ ಇದ್ದರೆ ಇನ್ನೂ ಒಳ್ಳೆಯದು.

ದೊಡ್ಡ ಸರ್ವಿಸ್ ಸೆಂಟರ್‌ಗಳ ಜಾಬ್ ಕಾರ್ಡಿನ ಹಿಂದೆ ಸಣ್ಣ ಅಕ್ಷರದಲ್ಲಿ 'ಅಗತ್ಯವೆನಿಸಿದ ಎಲ್ಲ ರಿಪೇರಿಗೂ ಒಪ್ಪಿಗೆ ಇದೆ' ಎನ್ನುವಂಥ ಸಾಲು ಇರಬಹುದು. ಸಹಿ ಹಾಕುವ ಮೊದಲು ಓದಿ, ಇದ್ದರೆ ಹೊಡೆದು ಹಾಕಿ. ಸರ್ವಿಸ್ ಅಡ್ವೈಸರ್ ಮುಖ ಸ್ವಲ್ಪ ಸಣ್ಣದಾಗಬಹುದು, ಆಗಲಿ ಬಿಡಿ.

ನಮ್ಮ ಬೀದಿಯ ಮೆಕ್ಯಾನಿಕ್ ಹತ್ತಿರ ಜಾಬ್ ಕಾರ್ಡ್ ಎಲ್ಲಿಂದ ತರೋದು ಅಂತೀರಾ? ಬೇಕಿಲ್ಲ. ಗಾಡಿ ಬಿಟ್ಟ ಕೂಡಲೇ ಒಂದು ವಾಟ್ಸ್‌ಆಪ್ ಕಳಿಸಿ. 'ಅಣ್ಣಾ, ಎಸಿ ಮಾತ್ರ ನೋಡಿ. ಮೂರೂವರೆ ಸಾವಿರ ಅಂದಿದ್ದೀರಿ. ಬೇರೆ ಏನಾದ್ರೂ ಇದ್ರೆ ಕೇಳಿ ಮಾಡಿ.' ಅವರು ಒಂದು ಹೆಬ್ಬೆಟ್ಟಿನ ಚಿತ್ರ ಒತ್ತಿದರೂ ಅದು ದಾಖಲೆಯೇ. ನಿಜ ಹೇಳಬೇಕೆಂದರೆ ಬೀದಿಯ ಮೆಕ್ಯಾನಿಕ್ ಜೊತೆ ಇಂಥ ತಕರಾರು ಬರುವುದು ಕಡಿಮೆ. ನಾಳೆಯೂ ಅವರು ನಮ್ಮ ಮುಖ ನೋಡಬೇಕಲ್ವಾ? ತಿಂಗಳ ಟಾರ್ಗೆಟ್ ಇರುವ ಕಡೆಯೇ ಫ್ಲಶ್, ಕೋಟಿಂಗ್, ಕ್ಲೀನಿಂಗ್‌ಗಳ ಉದ್ದ ಪಟ್ಟಿ ಹುಟ್ಟುವುದು.

ಮಧ್ಯಾಹ್ನ ಫೋನ್ ಬಂದರೆ

ಗಾಡಿ ಬಿಚ್ಚಿದ ಮೇಲೆ ಹೊಸ ತೊಂದರೆ ಕಾಣುವುದು ಸಹಜ. ಚಾಮುಂಡಿ ಬೆಟ್ಟ ಹತ್ತಿ ಇಳಿಯುವ ಗಾಡಿಯ ಬ್ರೇಕ್ ಪ್ಯಾಡ್ ಸವೆದಿದ್ದರೆ ಮೆಕ್ಯಾನಿಕ್ ಹೇಳಲೇಬೇಕು, ಅದು ಅವರ ಕೆಲಸ. ಹೇಳುವುದು ಬೇರೆ, ಹೇಳದೆ ಬದಲಿಸುವುದು ಬೇರೆ.

ಫೋನಿನಲ್ಲಿ 'ಹೂಂ, ಮಾಡಿ' ಅನ್ನುವ ಮೊದಲು ಮೂರು ಪ್ರಶ್ನೆ ಕೇಳಿ. ಏನು ಹಾಳಾಗಿದೆ, ಫೋಟೊ ಕಳಿಸಿ. ಬಿಡಿಭಾಗಕ್ಕೆ ಎಷ್ಟು, ಲೇಬರ್‌ಗೆ ಎಷ್ಟು? ಈಗಲೇ ಮಾಡಿಸದಿದ್ದರೆ ಏನಾಗುತ್ತದೆ? ಮೂರನೇ ಪ್ರಶ್ನೆಗೆ ಬರುವ ಉತ್ತರದಲ್ಲೇ ಅರ್ಧ ವಿಷಯ ಗೊತ್ತಾಗುತ್ತದೆ. ಆಮೇಲೆ ಬರೆದು ಒಪ್ಪಿಗೆ ಕೊಡಿ: 'ಬ್ರೇಕ್ ಪ್ಯಾಡ್ 3,200ಕ್ಕೆ ಸರಿ. ಉಳಿದದ್ದು ಬೇಡ.' ಬರೇ 'ಓಕೆ' ಅಂತ ಕಳಿಸಿದರೆ ಯಾವುದಕ್ಕೆ ಓಕೆ ಅಂತ ಮುಂದೆ ವಾದ ಶುರುವಾಗುತ್ತದೆ.

ಬಿಲ್ ಕೈಗೆ ಬಂದಾಗ

ಕೌಂಟರಿನಲ್ಲೇ ನಿಂತು ಪೆನ್ನು ಕೇಳಿ. ಪ್ರತಿ ಸಾಲಿನ ಪಕ್ಕ ಗುರುತು ಹಾಕಿ. ನಮ್ಮ ಉದಾಹರಣೆಯಲ್ಲಿ ಎಸಿ ಕೆಲಸ ನೀವೇ ಹೇಳಿದ್ದು, ಬ್ರೇಕ್ ಪ್ಯಾಡ್ ಫೋನಿನಲ್ಲಿ ಒಪ್ಪಿದ್ದು. ಒಟ್ಟು 6,800, ಅದರಲ್ಲಿ ತಕರಾರಿಲ್ಲ. ಎಸಿಗೆ ನೂರು ರೂಪಾಯಿ ಹೆಚ್ಚಾಗಿದೆ ಅಂತ ಜಗಳಕ್ಕೆ ನಿಲ್ಲಬೇಡಿ, ಅಂದಾಜು ಅಂದಮೇಲೆ ಸ್ವಲ್ಪ ಹಿಂದೆ ಮುಂದೆ ಇದ್ದದ್ದೇ. ಉಳಿದ ಮೂರು ಸಾಲು, 3,400 ರೂಪಾಯಿ. ನಿಮ್ಮ ಪ್ರಶ್ನೆ ಅದೊಂದೇ: 'ಇದಕ್ಕೆ ನಾನು ಒಪ್ಪಿದ್ದು ಎಲ್ಲಿದೆ, ತೋರಿಸಿ.'

ಆಗ ಗ್ಯಾರೇಜಿನವರು ಹೇಳುವ ಮಾತು ಒಂದಿದೆ. 'ಕೆಲಸ ಆಗಿದೆ, ಲಾಭ ನಿಮಗೇ ತಾನೇ?' ಸುಮ್ನೆ ಹೇಳುವ ಮಾತಲ್ಲ ಇದು. ಕರಾರು ಕಾಯ್ದೆಯ 70ನೇ ಸೆಕ್ಷನ್ ಪ್ರಕಾರ, ಪುಕ್ಕಟೆಯಾಗಿ ಅಲ್ಲದೆ, ಕಾನೂನಿಗೆ ಒಪ್ಪುವ ರೀತಿಯಲ್ಲಿ ಒಬ್ಬರು ಮಾಡಿಕೊಟ್ಟ ಕೆಲಸದ ಲಾಭ ಇನ್ನೊಬ್ಬರು ಪಡೆದರೆ ಅದಕ್ಕೆ ತಕ್ಕದ್ದು ಕೊಡಬೇಕು. ಆದರೆ ಸುಪ್ರೀಂ ಕೋರ್ಟ್ 1961ರಲ್ಲೇ ಬಂಗಾಳದ ಒಂದು ಪ್ರಕರಣದಲ್ಲಿ ಇದಕ್ಕೆ ಗಡಿ ಹಾಕಿದೆ. ಆ ಲಾಭ ಬೇಡ ಅನ್ನುವ ಆಯ್ಕೆ ಇರಬೇಕು, ಬೇಡ ಅಂದವರ ಮೇಲೆ ಹೇರುವಂತಿಲ್ಲ. ಹಾಗಾಗಿ ಬೇಡ ಅನ್ನುವುದನ್ನು ಅಲ್ಲೇ, ಆಗಲೇ ಹೇಳಬೇಕು. ಹೊಸ ಬ್ಯಾಟರಿಯನ್ನೋ ವೈಪರನ್ನೋ ಕೇಳದೆ ಹಾಕಿದ್ದರೆ 'ತೆಗೆದು ಹಳೆಯದು ಹಾಕಿ' ಅನ್ನಿ. ಎಂಜಿನ್ ಫ್ಲಶ್ ತೆಗೆಯಲಾಗದು, ಅಲ್ಲಿ ಆಯ್ಕೆಯೇ ಕೊಟ್ಟಿಲ್ಲ ಅನ್ನುವುದು ನಿಮ್ಮ ವಾದ. ಏನೂ ಹೇಳದೆ ಗಾಡಿ ತಂದು, ತಿಂಗಳಾದ ಮೇಲೆ ತಕರಾರು ತೆಗೆದರೆ ಒಪ್ಪಿಕೊಂಡಂತೆಯೇ ಕಾಣುತ್ತದೆ.

ಬದಲಿಸಿದ ಹಳೆಯ ಭಾಗಗಳನ್ನು ಕೇಳಿ ಪಡೆಯಿರಿ. ಎಕ್ಸ್‌ಚೇಂಜ್ ಅಂತ ಒಪ್ಪಿ ಬೆಲೆ ಇಳಿಸಿಕೊಂಡಿಲ್ಲದಿದ್ದರೆ ಅವು ನಿಮ್ಮವೇ. ಹಳೆಯ ಪ್ಯಾಡ್ ನೋಡಿದರೆ ನಿಜವಾಗಿ ಸವೆದಿತ್ತೋ ಇಲ್ಲವೋ ಬೇರೆ ಮೆಕ್ಯಾನಿಕ್ ಹೇಳುತ್ತಾರೆ. ಹೊಸ ಭಾಗದ ಡಬ್ಬಿಯನ್ನೂ ಕೇಳಿ. ಅದರ ಮೇಲೆ ಎಂಆರ್‌ಪಿ ಇರುತ್ತದೆ. ಬಿಲ್ಲಿನಲ್ಲಿ ಅದಕ್ಕಿಂತ ಜಾಸ್ತಿ ಹಾಕಿದ್ದರೆ ತೂಕ, ಅಳತೆ, ಎಂಆರ್‌ಪಿ ನೋಡಿಕೊಳ್ಳುವ ಕಾನೂನು ಮಾಪನಶಾಸ್ತ್ರ ಇಲಾಖೆಗೆ ಪ್ರತ್ಯೇಕ ದೂರು ಕೊಡಬಹುದು. ಜಿಎಸ್‌ಟಿ ಹಾಕಿದ್ದಾರೆ, ಆದರೆ ಬಿಲ್ಲಿನಲ್ಲಿ ಜಿಎಸ್‌ಟಿ ನಂಬರ್ ಇಲ್ಲ ಅಂದರೆ ಅದನ್ನೂ ಕೇಳಿ. ನೋಂದಣಿ ಇಲ್ಲದವರು ಆ ತೆರಿಗೆ ವಸೂಲಿ ಮಾಡುವಂತಿಲ್ಲ.

'ಪೂರ್ತಿ ಕೊಡದೆ ಗಾಡಿ ಹೊರಗೆ ಹೋಗಲ್ಲ'

ಇದೇ ಕಷ್ಟದ ಜಾಗ. ಮಾಡಿಸಿದ ಕೆಲಸದ ಕೂಲಿ ಬರುವವರೆಗೆ ವಸ್ತುವನ್ನು ಇಟ್ಟುಕೊಳ್ಳುವ ಹಕ್ಕು ರಿಪೇರಿ ಮಾಡಿದವರಿಗೆ ಇದೆ. ಕರಾರು ಕಾಯ್ದೆಯ 170ನೇ ಸೆಕ್ಷನ್ ಅದನ್ನು ಕೊಡುತ್ತದೆ. ಆದರೆ ಯಾವ ಕೆಲಸಕ್ಕೆ ವಸ್ತು ಒಪ್ಪಿಸಿದಿರೋ ಆ ಕೆಲಸದ ಬಾಕಿಗೆ ಮಾತ್ರ. ಹಾಗಾಗಿ ಒಪ್ಪಿದ 6,800 ಕೊಡದೆ ಗಾಡಿ ಕೇಳಿದರೆ ತಪ್ಪು ನಿಮ್ಮ ಕಡೆ ಬರುತ್ತದೆ. ಅದನ್ನು ಕೊಟ್ಟ ಮೇಲೂ 3,400ಕ್ಕೆ ಗಾಡಿ ಹಿಡಿದಿಟ್ಟರೆ ಅವರ ನೆಲೆ ಸಡಿಲವಾಗುತ್ತದೆ.

ಮನೆಯಲ್ಲಿ ಇನ್ನೊಂದು ಕೀ ಇದೆ, ರಾತ್ರಿ ಹೋಗಿ ತಂದುಬಿಡೋಣ ಅನ್ನುವ ಯೋಚನೆ ಬೇಡವೇ ಬೇಡ. ಹಳೆಯ ದಂಡ ಸಂಹಿತೆ ಕಳ್ಳತನವನ್ನು ವಿವರಿಸುವಾಗ ಕೊಟ್ಟ ಒಂದು ಉದಾಹರಣೆ ಗಡಿಯಾರ ರಿಪೇರಿಯದ್ದು. ರಿಪೇರಿಯ ಬಾಕಿಗೆ ಅಂಗಡಿಯವರು ಕಾನೂನಿನಂತೆ ಇಟ್ಟುಕೊಂಡ ಗಡಿಯಾರವನ್ನು, ಆ ಬಾಕಿಯ ಭದ್ರತೆ ತಪ್ಪಿಸಲು ಮಾಲೀಕನೇ ಎತ್ತಿಕೊಂಡು ಹೋದರೆ ಅದೂ ಕಳ್ಳತನ! 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 303ನೇ ಸೆಕ್ಷನ್‌ನಲ್ಲೂ ಆ ಉದಾಹರಣೆ ಉಳಿದಿದೆ. ನಮ್ಮದೇ ಕಾರಿಗೆ ನಾವೇ ಆರೋಪಿ ಆಗುವುದು ಬೇಕಾ?

ಗಾಡಿ ತುರ್ತಾಗಿ ಬೇಕಿದ್ದರೆ ಪೂರ್ತಿ ಕೊಟ್ಟುಬಿಡಿ, ಆದರೆ ಆಕ್ಷೇಪ ದಾಖಲಿಸಿ ಕೊಡಿ. ನಗದು ಬೇಡ, ಯುಪಿಐ ಅಥವಾ ಕಾರ್ಡ್ ಇರಲಿ. ಬಿಲ್ಲಿನ ಎರಡೂ ಪ್ರತಿಯ ಮೇಲೆ ಬರೆಯಿರಿ: 'ಕೊನೆಯ ಮೂರು ಕೆಲಸಗಳಿಗೆ ನನ್ನ ಒಪ್ಪಿಗೆ ಇರಲಿಲ್ಲ. ಗಾಡಿ ಬಿಡಿಸಿಕೊಳ್ಳಲು ಆಕ್ಷೇಪಣೆಯೊಂದಿಗೆ ಹಣ ಕೊಡುತ್ತಿದ್ದೇನೆ.' ಬರೆಯಲು ಬಿಡದಿದ್ದರೆ ಇದೇ ಮಾತನ್ನು ಅಲ್ಲಿಂದಲೇ ಅವರ ನಂಬರಿಗೆ ಮೆಸೇಜ್ ಮಾಡಿ. 'ಸೇವೆ ತೃಪ್ತಿಕರ' ಅನ್ನುವ ಚೀಟಿಗೆ ಸಹಿ ಹಾಕಬೇಡಿ. ಡೆಲಿವರಿಗೆ ಅಂತ ಒಟಿಪಿ ಕೇಳಿದರೆ ಅದು ಯಾತಕ್ಕೆ ಅಂತ ಮೆಸೇಜ್ ಪೂರ್ತಿ ಓದಿ ಕೊಡಿ.

ಬರೆದು ಕೇಳಿ

ಒಂದೆರಡು ದಿನದೊಳಗೆ ಮಾಲೀಕರಿಗೆ ಅಥವಾ ಮ್ಯಾನೇಜರ್‌ಗೆ ಇಮೇಲ್ ಇಲ್ಲವೇ ಸ್ಪೀಡ್ ಪೋಸ್ಟ್‌ನಲ್ಲಿ ಪತ್ರ ಹಾಕಿ. ಒಂದು ಪುಟ ಸಾಕು. ಗಾಡಿ ಬಿಟ್ಟ ದಿನ, ಬಿಲ್ ನಂಬರ್, ಒಪ್ಪಿದ ಕೆಲಸ, ಒಪ್ಪದ ಕೆಲಸ, ವಾಪಸ್ ಬೇಕಾದ ಮೊತ್ತ, 15 ದಿನದ ಗಡುವು. ಬೈಗುಳ ಬೇಡ, ಮುಂದೆ ಇದನ್ನು ಓದುವವರು ಬೇರೆ ಇರುತ್ತಾರೆ. ಕಂಪನಿಯ ಅಧಿಕೃತ ಸರ್ವಿಸ್ ಸೆಂಟರ್ ಆದರೆ ಕಂಪನಿಯ ಗ್ರಾಹಕ ವಿಭಾಗಕ್ಕೂ ಪ್ರತಿ ಕಳಿಸಿ. ಡೀಲರ್ ಬಗ್ಗದಿದ್ದರೂ ಮೇಲಿನಿಂದ ಒಂದು ಫೋನ್ ಬಂದರೆ ಬಗ್ಗುವುದುಂಟು.

ಜೊತೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದೂರಿಗೆ ಒಂದು ನಂಬರ್ ಕೊಡುತ್ತಾರೆ. ಅದು ಕೋರ್ಟ್ ಅಲ್ಲ, ಆದೇಶ ಮಾಡುವ ಅಧಿಕಾರ ಅವರಿಗಿಲ್ಲ. ಆದರೆ ಹೆಸರು ಉಳಿಸಿಕೊಳ್ಳಬೇಕಾದ ಕಂಪನಿಗಳು ಇಲ್ಲೇ ಇತ್ಯರ್ಥ ಮಾಡಿಕೊಳ್ಳಲು ನೋಡುತ್ತವೆ. ಮೈಸೂರಿನವರಿಗೆ ಗ್ರಾಹಕರ ಪರ ಕೆಲಸ ಮಾಡುವ ಮೈಸೂರು ಗ್ರಾಹಕರ ಪರಿಷತ್ ಇದೆ ಅನ್ನುವುದೂ ನೆನಪಿರಲಿ. ಪೊಲೀಸ್ ಠಾಣೆಗೆ ಓಡುವುದರಿಂದ ಉಪಯೋಗ ಕಡಿಮೆ. ಬೆದರಿಕೆ, ಹಲ್ಲೆ ಇಲ್ಲದಿದ್ದರೆ ಸಿವಿಲ್ ವಿಷಯ ಅಂತ ಕಳಿಸುತ್ತಾರೆ.

ಆಯೋಗಕ್ಕೆ ಹೋಗುವುದು

ಗ್ರಾಹಕರ ದೂರು ಕೇಳಿ ಆದೇಶ ಮಾಡುವ ಜಿಲ್ಲಾ ಗ್ರಾಹಕರ ಆಯೋಗ ಮೈಸೂರಿನಲ್ಲೂ ಇದೆ, ಮಂಡ್ಯದಲ್ಲೂ ಇದೆ. 2019ರ ಗ್ರಾಹಕ ಕಾಯ್ದೆಯ ದೊಡ್ಡ ಅನುಕೂಲ ಏನೆಂದರೆ, ನೀವು ವಾಸ ಇರುವ ಅಥವಾ ದುಡಿಯುವ ಊರಿನಲ್ಲೇ ದೂರು ಹಾಕಬಹುದು. ಮಂಡ್ಯದವರ ಗಾಡಿ ಎಕ್ಸ್‌ಪ್ರೆಸ್‌ವೇಯಲ್ಲಿ ಕೆಟ್ಟು, ಬಿಡದಿಯಲ್ಲೋ ಕೆಂಗೇರಿಯಲ್ಲೋ ರಿಪೇರಿ ಆಗಿದ್ದರೂ ಕೇಸು ಮಂಡ್ಯದಲ್ಲೇ ನಡೆಯುತ್ತದೆ. ಗ್ಯಾರೇಜಿನವರು ಇಲ್ಲಿಗೆ ಬರಬೇಕು.

ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವೇ ಇಲ್ಲ. ವಕೀಲರು ಕಡ್ಡಾಯವಲ್ಲ. ತಕರಾರು ಹುಟ್ಟಿದ ದಿನದಿಂದ 2 ವರ್ಷದೊಳಗೆ ದೂರು ಕೊಡಬೇಕು. ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಹಾಕಬಹುದು. ದೂರಿನ ಜೊತೆ ಅಫಿಡವಿಟ್, ಜಾಬ್ ಕಾರ್ಡ್, ಬಿಲ್, ಪಾವತಿಯ ವಿವರ, ಮೆಸೇಜ್‌ಗಳ ಪ್ರತಿ, ನೀವು ಹಾಕಿದ ಪತ್ರ ಇಡಿ. ಆ ಕೆಲಸದ ಅಗತ್ಯವೇ ಇರಲಿಲ್ಲ ಅಂತ ಇನ್ನೊಬ್ಬ ಮೆಕ್ಯಾನಿಕ್ ಬರೆದುಕೊಟ್ಟರೆ ಕೇಸಿಗೆ ಬಲ ಬರುತ್ತದೆ. ಮೂಲ ಮೆಸೇಜ್‌ಗಳನ್ನು ಫೋನಿನಿಂದ ಅಳಿಸಬೇಡಿ, ಸ್ಕ್ರೀನ್‌ಶಾಟ್ ಒಂದೇ ಇದ್ದರೆ ಪ್ರಶ್ನೆ ಬರುತ್ತದೆ.

ಟ್ಯಾಕ್ಸಿ ಓಡಿಸುವವರು ಗಮನಿಸಿ. ವ್ಯಾಪಾರದ ಉದ್ದೇಶಕ್ಕೆ ಪಡೆದ ಸೇವೆ ಅಂತ ಎದುರಿನವರು ಆಕ್ಷೇಪ ಎತ್ತುತ್ತಾರೆ. ಈ ಕಾರು ನಿಮ್ಮ ಸ್ವಂತ ದುಡಿಮೆಯ ಹೊಟ್ಟೆಪಾಡಿಗೆ ಅನ್ನುವುದನ್ನು ದೂರಿನಲ್ಲೇ ಸ್ಪಷ್ಟವಾಗಿ ಬರೆಯಿರಿ.

ಏನು ಕೇಳಬೇಕು? ಒಪ್ಪದ ಕೆಲಸದ 3,400 ವಾಪಸ್, ಅದಕ್ಕೆ ಬಡ್ಡಿ, ತೊಂದರೆಗೆ ಪರಿಹಾರ, ಕೇಸಿನ ಖರ್ಚು. ಮೂರು ಸಾವಿರದ ತಕರಾರಿಗೆ ಐದು ಲಕ್ಷ ಪರಿಹಾರ ಕೇಳುವವರೂ ಇದ್ದಾರೆ. ನನ್ನ ಕೇಳಿದರೆ, ಅದರಿಂದ ನಿಮ್ಮ ಮಾತಿನ ತೂಕವೇ ಕಡಿಮೆಯಾಗುತ್ತದೆ. ಗ್ಯಾರೇಜು ಮಾಡಿದ ಕೆಲಸದಿಂದ ಗಾಡಿ ಕೆಟ್ಟು ಬೇರೆ ಕಡೆ ಸರಿ ಮಾಡಿಸಿದ್ದರೆ ಮಾತ್ರ ಮೊತ್ತ ದೊಡ್ಡದಾಗಲಿ, ಅದಕ್ಕೂ ಬಿಲ್ ಇರಲಿ.

ಆಯೋಗದ ನೋಟಿಸ್ ತಲುಪಿದ ಮೇಲೆ ಗ್ಯಾರೇಜಿನವರು 30 ದಿನದಲ್ಲಿ ಉತ್ತರ ಕೊಡಬೇಕು, ಆಯೋಗ ಒಪ್ಪಿದರೆ ಇನ್ನು 15 ದಿನ. ಅದರಾಚೆ ಅವಕಾಶ ಇಲ್ಲ ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಖಚಿತ ಮಾಡಿದೆ. ವಸ್ತುವಿನ ಪರೀಕ್ಷೆ ಬೇಕಿಲ್ಲದ ಕೇಸನ್ನು 3 ತಿಂಗಳಲ್ಲಿ ಮುಗಿಸಲು ನೋಡಬೇಕು ಅಂತ ಕಾಯ್ದೆ ಹೇಳುತ್ತದೆ, ನಡೆಯುವುದು ಅದಕ್ಕಿಂತ ನಿಧಾನ. ನಡುವೆ ರಾಜಿ ಮಧ್ಯಸ್ಥಿಕೆಗೆ ಕಳಿಸಿದರೆ ಹೋಗಿ ಬನ್ನಿ. ಸಣ್ಣ ಮೊತ್ತದ ತಕರಾರು ಅಲ್ಲೇ ಮುಗಿದರೆ ಓಡಾಟ ತಪ್ಪುತ್ತದೆ.

ಆದೇಶ ನಿಮ್ಮ ಪರ ಬಂದರೆ, ಮೇಲ್ಮನವಿಗೆ ಗ್ಯಾರೇಜಿನವರಿಗೆ 45 ದಿನ ಇರುತ್ತದೆ. ಆದರೆ ಕೊಡಬೇಕಾದ ಮೊತ್ತದ ಅರ್ಧ ಠೇವಣಿ ಇಡದೆ ರಾಜ್ಯ ಆಯೋಗ ಅದನ್ನು ಕೈಗೆತ್ತಿಕೊಳ್ಳುವುದಿಲ್ಲ. ಮೇಲ್ಮನವಿಯೂ ಇಲ್ಲ, ಹಣವೂ ಇಲ್ಲ ಅಂದರೆ ಅದೇ ಜಿಲ್ಲಾ ಆಯೋಗದಲ್ಲಿ ಜಾರಿ ಅರ್ಜಿ ಹಾಕಿ. ಆದೇಶ ಪಾಲಿಸದವರಿಗೆ ಗ್ರಾಹಕ ಕಾಯ್ದೆಯ 72ನೇ ಸೆಕ್ಷನ್ ಅಡಿ ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಅಥವಾ 25 ಸಾವಿರದಿಂದ 1 ಲಕ್ಷದವರೆಗೆ ದಂಡ, ಅಥವಾ ಎರಡೂ ಆಗಬಹುದು.