ಆಟದ ನಡುವೆ ‘ಮೆಮೊರಿ ಸಾಲದು’ ಎಂದಾಗ: ಲ್ಯಾಪ್‌ಟಾಪ್‌ನಲ್ಲಿ ಏನನ್ನು ನೋಡಬೇಕು, ಏನನ್ನು ಬದಲಿಸಬೇಕು

ಅರ್ಧ ಗಂಟೆ ಸರಾಗವಾಗಿ ನಡೆದ ಆಟ ಹೊಸ ಹಂತ ತೆರೆದುಕೊಳ್ಳುವ ಹೊತ್ತಿಗೆ ತಾನಾಗಿಯೇ ಮುಚ್ಚಿಹೋಗಿ, ಪರದೆಯ ಮೇಲೆ ‘ಔಟ್ ಆಫ್ ಮೆಮೊರಿ’ ಎಂಬ ಸಂದೇಶವಷ್ಟೇ ಉಳಿದರೆ, ಹೆಚ್ಚಿನವರಿಗೆ ಮೊದಲು ತೋಚುವುದು ಹೊಸ ರ‍್ಯಾಮ್ ಕೊಳ್ಳುವ ಯೋಚನೆ. ಆದರೆ ಆ ಸಂದೇಶ ಯಾವ ಮೆಮೊರಿ ಮುಗಿಯಿತು ಎಂಬುದನ್ನು ಹೇಳುವುದೇ ಇಲ್ಲ. ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಒಂದು ಆಟ ನಾಲ್ಕು ಬೇರೆ ಬೇರೆ ಮಿತಿಗಳಿಗೆ ತಗಲಬಹುದು: ಯಂತ್ರದೊಳಗಿನ ರ‍್ಯಾಮ್, ರ‍್ಯಾಮ್ ಹಾಗೂ ಪೇಜ್ ಫೈಲ್ (ಮೆಮೊರಿಯಂತೆ ಬಳಕೆಯಾಗುವ ಡಿಸ್ಕಿನ ಕಡತ) ಎರಡೂ ಸೇರಿದ ಒಟ್ಟು ಮಿತಿ, ಗ್ರಾಫಿಕ್ಸ್ ಚಿಪ್ಪಿನ ಮೆಮೊರಿ, ಮತ್ತು ಹಳೆಯ 32 ಬಿಟ್ ಆಟಗಳಿಗೆ ಇರುವ ವಿಳಾಸದ ಮಿತಿ. ಒಂದಕ್ಕೆ ನಾಟುವ ಪರಿಹಾರ ಇನ್ನೊಂದಕ್ಕೆ ನಾಟದು. ಆದ್ದರಿಂದ ಹಣ ಖರ್ಚು ಮಾಡುವ ಮೊದಲು ಹತ್ತು ನಿಮಿಷ ಪರೀಕ್ಷೆಗೆ ಮೀಸಲಿಡಬೇಕೆಂದು ನಾನು ಒತ್ತಾಯಿಸಿ ಹೇಳುತ್ತೇನೆ.

ಪರೀಕ್ಷೆಗೆ ಬೇಕಾದ ಉಪಕರಣ ವಿಂಡೋಸ್‌ನಲ್ಲಿಯೇ ಇದೆ. ಕಂಟ್ರೋಲ್, ಶಿಫ್ಟ್ ಮತ್ತು ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರ ಪರ್ಫಾರ್ಮೆನ್ಸ್ ವಿಭಾಗದಲ್ಲಿ ಮೆಮೊರಿಯನ್ನು ಆರಿಸಿ, ಆಟವನ್ನು ಪೂರ್ಣ ಪರದೆಯ ಬದಲು ಕಿಟಕಿಯ ರೂಪದಲ್ಲಿ ನಡೆಸಿ, ತೊಂದರೆ ಕಾಣಿಸಿಕೊಳ್ಳುವ ಜಾಗದವರೆಗೆ ಆಡುತ್ತಾ ಅಂಕಿಗಳನ್ನು ಗಮನಿಸಬೇಕು. ಇಲ್ಲಿ ಬಹಳ ಮಂದಿ ‘ಇನ್ ಯೂಸ್’ ಎಂಬ ಅಂಕಿಯನ್ನು ಮಾತ್ರ ನೋಡಿ ಮುಗಿಸುತ್ತಾರೆ. ಅದಕ್ಕಿಂತ ಮುಖ್ಯವಾದದ್ದು ‘ಕಮಿಟೆಡ್’ ಎಂಬ ಹೆಸರಿನ ಕೆಳಗೆ ಓರೆಗೆರೆಯ ಎರಡೂ ಬದಿಗೆ ಕಾಣುವ ಎರಡು ಅಂಕಿಗಳು. ಎಡಗಡೆಯದು ಎಲ್ಲ ಪ್ರೋಗ್ರಾಮುಗಳೂ ಸೇರಿ ಕಾಯ್ದಿರಿಸಿಕೊಂಡ ಮೆಮೊರಿ; ಬಲಗಡೆಯದು ವಿಂಡೋಸ್ ಒಟ್ಟು ಕೊಡಬಲ್ಲ ಮೆಮೊರಿ. ಉದಾಹರಣೆಗೆ 8 ಜಿಬಿ ರ‍್ಯಾಮ್ ಇರುವ ಯಂತ್ರದಲ್ಲಿ ಈ ಜಾಗದಲ್ಲಿ 11.4/11.8 ಜಿಬಿ ಎಂದು ಕಂಡರೆ, ರ‍್ಯಾಮ್‌ನಲ್ಲಿ ಇನ್ನೂ ಒಂದಿಷ್ಟು ಜಾಗ ಉಳಿದಿದ್ದರೂ ಮುಂದಿನ ಬೇಡಿಕೆಯನ್ನು ವಿಂಡೋಸ್ ನಿರಾಕರಿಸಬಹುದು, ಆಟ ಅಲ್ಲಿಗೇ ಕುಸಿಯಬಹುದು. ಅರ್ಧದಷ್ಟು ರ‍್ಯಾಮ್ ಖಾಲಿ ಇದ್ದರೂ ದೋಷ ಬರುವುದೇಕೆ ಎಂಬ ಗೊಂದಲಕ್ಕೆ ಅನೇಕ ಬಾರಿ ಉತ್ತರ ಇಲ್ಲಿಯೇ ಇರುತ್ತದೆ.

ಈ ಬಲಗಡೆಯ ಅಂಕಿ ಸ್ಥಿರವಲ್ಲ. ಅದು ರ‍್ಯಾಮ್ ಮತ್ತು ಪೇಜ್ ಫೈಲ್‌ಗಳ ಮೊತ್ತ. ಡಿಸ್ಕಿನ ಒಂದು ಭಾಗವನ್ನು ಮೆಮೊರಿಯ ವಿಸ್ತರಣೆಯಂತೆ ಬಳಸುವ ಕಡತವೇ ಪೇಜ್ ಫೈಲ್. ಅದರ ಗಾತ್ರವನ್ನು ವಿಂಡೋಸ್ ತಾನೇ ನೋಡಿಕೊಳ್ಳುವಾಗ, ರ‍್ಯಾಮ್‌ನ ಮೂರು ಪಟ್ಟು ಅಥವಾ 4 ಜಿಬಿ, ಇವೆರಡರಲ್ಲಿ ಯಾವುದು ದೊಡ್ಡದೋ ಅಲ್ಲಿಯವರೆಗೆ ಅದನ್ನು ಬೆಳೆಸಬಲ್ಲದು. ಆದರೆ ಸಾಮಾನ್ಯವಾಗಿ ಆ ಡ್ರೈವಿನ ಒಟ್ಟು ಗಾತ್ರದ ಎಂಟನೆಯ ಒಂದು ಭಾಗವನ್ನು ಮೀರುವುದಿಲ್ಲ. ಡ್ರೈವಿನಲ್ಲಿ ಎರಡು ಮೂರು ಜಿಬಿ ಮಾತ್ರ ಖಾಲಿ ಉಳಿದಿದ್ದರೆ ಈ ಕಡತ ಬೆಳೆಯಲು ಸ್ಥಳವೇ ಇರುವುದಿಲ್ಲ. ಮೆಮೊರಿಯ ದೋಷಕ್ಕೆ ಡಿಸ್ಕಿನಲ್ಲಿ ಜಾಗ ತೆರವು ಮಾಡುವುದೂ ಪರಿಹಾರವಾಗುವುದು ಈ ಕಾರಣದಿಂದಲೇ.

ಪೇಜ್ ಫೈಲ್‌ನ ಸ್ಥಿತಿಯನ್ನು ನೋಡಲು ವಿಂಡೋಸ್ ಕೀಲಿಯೊಂದಿಗೆ ಆರ್ ಅಕ್ಷರವನ್ನು ಒತ್ತಿ, ಬರುವ ಪೆಟ್ಟಿಗೆಯಲ್ಲಿ ‘ಎಸ್‌ವೈಎಸ್‌ಡಿಎಂ ಡಾಟ್ ಸಿಪಿಎಲ್’ ಎಂಬುದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ನಡುವೆ ಚುಕ್ಕೆಯಿಟ್ಟು ಬರೆದು ಎಂಟರ್ ಒತ್ತಬೇಕು. ತೆರೆದ ಕಿಟಕಿಯಲ್ಲಿ ಅಡ್ವಾನ್ಸ್ಡ್ ವಿಭಾಗಕ್ಕೆ ಹೋಗಿ, ಪರ್ಫಾರ್ಮೆನ್ಸ್ ಕೆಳಗಿನ ಸೆಟ್ಟಿಂಗ್ಸ್ ಗುಂಡಿಯನ್ನು ಒತ್ತಿ, ಅಲ್ಲಿ ಮತ್ತೊಮ್ಮೆ ಅಡ್ವಾನ್ಸ್ಡ್ ಆರಿಸಿದರೆ ವರ್ಚುವಲ್ ಮೆಮೊರಿಯ ಚೇಂಜ್ ಗುಂಡಿ ಸಿಗುತ್ತದೆ. ‘ನೋ ಪೇಜಿಂಗ್ ಫೈಲ್’ ಆಯ್ಕೆಯಾಗಿದ್ದರೆ ದೋಷದ ಮೂಲ ಬಹುಮಟ್ಟಿಗೆ ಸಿಕ್ಕಂತೆಯೇ. ಪೇಜ್ ಫೈಲ್ ತೆಗೆದುಹಾಕಿದರೆ ಯಂತ್ರ ಚುರುಕಾಗುತ್ತದೆ ಎಂಬ ಸಲಹೆ ಹಲವೆಡೆ ಹರಿದಾಡುತ್ತಿದೆ. ಅದನ್ನು ನಂಬಿ ಕಷ್ಟಕ್ಕೆ ಸಿಕ್ಕಿದವರನ್ನು ಕಂಡಿರುವುದರಿಂದ, ಆ ಸಲಹೆಯನ್ನು ದಯವಿಟ್ಟು ಪಾಲಿಸಬೇಡಿ ಎಂದು ಕೇಳಿಕೊಳ್ಳುತ್ತೇನೆ. ಗಾತ್ರವನ್ನು ವಿಂಡೋಸ್‌ಗೇ ಬಿಡುವ, ಮೇಲ್ಭಾಗದ ಸ್ವಯಂಚಾಲಿತ ಆಯ್ಕೆಯನ್ನು ಗುರುತು ಮಾಡುವುದೇ ಹೆಚ್ಚಿನವರಿಗೆ ಸರಿಯಾದ ದಾರಿ. ಆಗಲೂ ದೋಷ ಮರುಕಳಿಸಿದರೆ, ಆ ಗುರುತನ್ನು ತೆಗೆದು, ಎಸ್‌ಎಸ್‌ಡಿ ಇರುವ ಡ್ರೈವನ್ನು ಆರಿಸಿಕೊಂಡು ಕಸ್ಟಮ್ ಸೈಜ್‌ನಲ್ಲಿ ಆರಂಭದ ಗಾತ್ರವನ್ನು 8192 ಎಂಬಿ, ಗರಿಷ್ಠ ಗಾತ್ರವನ್ನು 16384 ಎಂಬಿ ಎಂದು ಕೊಟ್ಟು, ಸೆಟ್ ಒತ್ತಿ, ಯಂತ್ರವನ್ನು ಮರುಪ್ರಾರಂಭಿಸಿ ನೋಡಬಹುದು. ಪೇಜ್ ಫೈಲ್ ಆಟವನ್ನು ಕುಸಿಯದಂತೆ ತಡೆಯುತ್ತದೆಯೇ ಹೊರತು ವೇಗಗೊಳಿಸುವುದಿಲ್ಲ. ತಿರುಗುವ ಹಾರ್ಡ್ ಡಿಸ್ಕಿನ ಮೇಲೆ ಅದು ಇದ್ದರೆ ಆಟ ನಡೆದರೂ ತಡವರಿಸುತ್ತಲೇ ಇರುತ್ತದೆ.

ಒಟ್ಟು ಮಿತಿಯಲ್ಲಿ ಸಾಕಷ್ಟು ಜಾಗವಿದ್ದೂ ರ‍್ಯಾಮ್ ಮಾತ್ರ ತುಂಬಿಹೋಗುತ್ತಿದ್ದರೆ, ಆಟದ ಜೊತೆಯಲ್ಲಿ ಮತ್ತೇನು ನಡೆಯುತ್ತಿದೆ ಎಂಬುದನ್ನು ನೋಡಬೇಕು. ಟಾಸ್ಕ್ ಮ್ಯಾನೇಜರ್‌ನ ಪ್ರೋಸೆಸಸ್ ವಿಭಾಗದಲ್ಲಿ ಮೆಮೊರಿ ಎಂಬ ಶೀರ್ಷಿಕೆಯ ಮೇಲೆ ಒತ್ತಿದರೆ ಹೆಚ್ಚು ಬಳಸುವವು ಮೇಲಕ್ಕೆ ಬರುತ್ತವೆ. ಹಲವು ಟ್ಯಾಬ್‌ಗಳು ತೆರೆದಿರುವ ಬ್ರೌಸರ್ ಒಂದೇ ಹಲವು ಜಿಬಿಯನ್ನು ಹಿಡಿದಿರಬಹುದು. ಅಂಥವನ್ನು ಮುಚ್ಚಿ, ಯಂತ್ರ ಆರಂಭವಾಗುವಾಗಲೇ ಎದ್ದು ಕೂರುವ ಅನಗತ್ಯ ಪ್ರೋಗ್ರಾಮುಗಳನ್ನು ಸ್ಟಾರ್ಟಪ್ ವಿಭಾಗದಲ್ಲಿ ನಿಷ್ಕ್ರಿಯಗೊಳಿಸಬೇಕು. ಆದರೆ ‘ಕ್ಯಾಶ್ಡ್’ ಅಂಕಿ ದೊಡ್ಡದಾಗಿದ್ದರೆ ಗಾಬರಿಯಾಗಬೇಕಿಲ್ಲ. ಅದರ ಬಹುಪಾಲನ್ನು ವಿಂಡೋಸ್ ಬೇಕಾದಾಗ ಬಿಟ್ಟುಕೊಡುತ್ತದೆ. ಮೆಮೊರಿಯನ್ನು ಸ್ವಚ್ಛಗೊಳಿಸುತ್ತೇವೆ ಎನ್ನುವ ಪ್ರೋಗ್ರಾಮುಗಳು ಬಳಕೆಯಲ್ಲಿರುವ ಮಾಹಿತಿಯನ್ನೂ ರ‍್ಯಾಮ್‌ನಿಂದ ಹೊರಗೆ ತಳ್ಳುವುದರಿಂದ, ಅಂಕಿ ಇಳಿದಂತೆ ಕಂಡರೂ ಆಟಕ್ಕೆ ಅದೇ ಮಾಹಿತಿ ಬೇಕಾದ ಕೂಡಲೇ ಮತ್ತೆ ತಂದುಕೊಳ್ಳುವ ಶ್ರಮ ಬೀಳುತ್ತದೆ.

ಸಂದೇಶದಲ್ಲಿ ‘ವಿಡಿಯೊ ಮೆಮೊರಿ’ ಎಂಬ ಮಾತಿದ್ದರೆ ಟಾಸ್ಕ್ ಮ್ಯಾನೇಜರ್‌ನಲ್ಲಿ ಜಿಪಿಯು, ಅಂದರೆ ಗ್ರಾಫಿಕ್ಸ್ ಚಿಪ್ಪಿನ ಪುಟವನ್ನು ತೆರೆದು, ‘ಡೆಡಿಕೇಟೆಡ್ ಜಿಪಿಯು ಮೆಮೊರಿ’ ತುಂಬಿದೆಯೇ ಎಂದು ನೋಡಬೇಕು. ಇಲ್ಲಿ ಹೆಚ್ಚು ಫಲ ಕೊಡುವ ಬದಲಾವಣೆ ಆಟದ ಟೆಕ್ಸ್ಚರ್ (ವಸ್ತುಗಳ ಮೇಲ್ಮೈಗೆ ಹೊದಿಸುವ ಚಿತ್ರ) ಗುಣಮಟ್ಟವನ್ನು ಒಂದು ಹಂತ ಇಳಿಸುವುದು; ರೆಸಲ್ಯೂಷನ್ ಮತ್ತು ನೆರಳುಗಳ ಸರದಿ ಅದರ ನಂತರ ಬರುತ್ತದೆ. ಎರಡು ಗ್ರಾಫಿಕ್ಸ್ ಚಿಪ್ಪುಗಳಿರುವ ಲ್ಯಾಪ್‌ಟಾಪ್‌ಗಳಲ್ಲಿ ಆಟ ತಪ್ಪಾಗಿ ಚಿಕ್ಕದರ ಮೇಲೆ ಓಡುತ್ತಿರುವ ಸಾಧ್ಯತೆಯೂ ಇರುವುದರಿಂದ, ಸೆಟ್ಟಿಂಗ್ಸ್‌ನ ಸಿಸ್ಟಮ್, ಡಿಸ್‌ಪ್ಲೇ, ಗ್ರಾಫಿಕ್ಸ್ ಎಂಬ ದಾರಿಯಲ್ಲಿ ಹೋಗಿ ಆ ಆಟಕ್ಕೆ ‘ಹೈ ಪರ್ಫಾರ್ಮೆನ್ಸ್’ ಆರಿಸಬೇಕು. ಪ್ರೊಸೆಸರಿನೊಳಗೇ ಇರುವ ಗ್ರಾಫಿಕ್ಸ್ ಚಿಪ್ ಮಾತ್ರ ಇದ್ದಲ್ಲಿ ಅದು ರ‍್ಯಾಮ್‌ನಿಂದಲೇ ಪಾಲು ಪಡೆಯುತ್ತದೆ; ಹೀಗಾಗಿ 8 ಜಿಬಿಯ ಯಂತ್ರದಲ್ಲಿ ಆಟಕ್ಕೂ ವಿಂಡೋಸ್‌ಗೂ ಉಳಿಯುವುದು ಎಂಟಕ್ಕಿಂತ ಕಡಿಮೆ.

ಹಳೆಯ ಆಟಗಳ ವಿಷಯ ಬೇರೆಯೇ. 32 ಬಿಟ್ ಪ್ರೋಗ್ರಾಮಿಗೆ ವಿಂಡೋಸ್ ಸಾಮಾನ್ಯವಾಗಿ 2 ಜಿಬಿ ವಿಳಾಸದ ಜಾಗವನ್ನಷ್ಟೇ, ಅಂದರೆ ಪ್ರೋಗ್ರಾಮು ಗುರುತಿಸಿ ಬಳಸಬಲ್ಲ ಮೆಮೊರಿಯ ವ್ಯಾಪ್ತಿಯನ್ನಷ್ಟೇ, ಕೊಡುತ್ತದೆ. ಹೆಚ್ಚಿನದನ್ನು ಬಳಸಬಲ್ಲೆನೆಂದು ಪ್ರೋಗ್ರಾಮಿನ ಕಡತದಲ್ಲಿ ಗುರುತು ಇದ್ದರೆ, 64 ಬಿಟ್ ವಿಂಡೋಸ್‌ನಲ್ಲಿ ಅದು 4 ಜಿಬಿಯವರೆಗೆ ಹೋಗುತ್ತದೆ. ಯಂತ್ರದಲ್ಲಿ 32 ಜಿಬಿ ರ‍್ಯಾಮ್ ಇದ್ದರೂ ಈ ಗೋಡೆ ಅಲುಗುವುದಿಲ್ಲ. ಟಾಸ್ಕ್ ಮ್ಯಾನೇಜರ್‌ನ ಡೀಟೇಲ್ಸ್ ವಿಭಾಗದಲ್ಲಿ ಪ್ಲಾಟ್‌ಫಾರ್ಮ್ ಎಂಬ ಕಾಲಮ್ಮನ್ನು ಸೇರಿಸಿಕೊಂಡರೆ ಆಟ ಎಷ್ಟು ಬಿಟ್‌ನದು ಎಂದು ತಿಳಿಯುತ್ತದೆ. 64 ಬಿಟ್ ಆವೃತ್ತಿ ಇದ್ದರೆ ಅದನ್ನು ಬಳಸುವುದು, ಇಲ್ಲದಿದ್ದರೆ ಹೊರಗಿನಿಂದ ಸೇರಿಸಿದ ಭಾರವಾದ ಮಾಡ್‌ಗಳನ್ನು ತೆಗೆಯುವುದು ಇದಕ್ಕಿರುವ ಮದ್ದು.

ಇವೆಲ್ಲ ಮುಗಿದ ಮೇಲೆಯೂ ರ‍್ಯಾಮ್ ನಿಜವಾಗಿ ಸಾಲದೆಂದು ಗೊತ್ತಾದರೆ ಮಾತ್ರ ಹೊಸದನ್ನು ಕೊಳ್ಳುವ ಮಾತು. ಕೆಲವು ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಮದರ್‌ಬೋರ್ಡಿಗೇ ಬೆಸೆದಿರುತ್ತದೆ, ಅದನ್ನು ಬದಲಿಸಲಾಗದು. ಆದ್ದರಿಂದ ಮೊದಲು ಮಾದರಿಯ ಕೈಪಿಡಿಯಲ್ಲಿ ಸ್ಲಾಟ್‌ಗಳ ಸಂಖ್ಯೆಯನ್ನೂ ಗರಿಷ್ಠ ಗಾತ್ರವನ್ನೂ ನೋಡಿಕೊಳ್ಳಬೇಕು. ಡಿಡಿಆರ್ 4 ಮತ್ತು ಡಿಡಿಆರ್ 5 ಬೇರೆ ಬೇರೆ ತಲೆಮಾರಿನ ಮೆಮೊರಿಗಳು; ಒಂದರ ಸ್ಲಾಟಿನಲ್ಲಿ ಇನ್ನೊಂದು ಕೂರುವುದಿಲ್ಲ. ಎರಡು ಸ್ಲಾಟ್‌ಗಳಿದ್ದರೆ ಒಂದೇ 16 ಜಿಬಿ ಪಟ್ಟಿಗಿಂತ 8 ಜಿಬಿಯ ಎರಡು ಪಟ್ಟಿಗಳು ಜೊತೆಯಾಗಿ ಕೆಲಸ ಮಾಡಿ, ವಿಶೇಷವಾಗಿ ಪ್ರೊಸೆಸರಿನೊಳಗಿನ ಗ್ರಾಫಿಕ್ಸ್‌ಗೆ ಹೆಚ್ಚು ವೇಗ ಕೊಡುತ್ತವೆ. ಹಾಕಿದ ನಂತರ ವಿಂಡೋಸ್ ಮೆಮೊರಿ ಡಯಾಗ್ನೋಸ್ಟಿಕ್ ಎಂಬ ಪರೀಕ್ಷೆಯನ್ನು ಒಮ್ಮೆ ನಡೆಸಿ, ಹಿಂದೆ ಆಟ ಕುಸಿದ ಅದೇ ಹಂತಕ್ಕೆ ಹೋಗಿ, ಕಮಿಟೆಡ್ ಅಂಕಿಯನ್ನು ಮತ್ತೊಮ್ಮೆ ನೋಡಿ. ಒಂದೇ ಜಾಗದಲ್ಲಿ ನಿಂತಿದ್ದರೂ ಅದು ಗಂಟೆಗಟ್ಟಲೆ ಏರುತ್ತಲೇ ಹೋಗುತ್ತಿದ್ದರೆ, ಮೆಮೊರಿಯನ್ನು ಹಿಂತಿರುಗಿಸದಿರುವ ದೋಷ ಆಟದಲ್ಲೋ ಡ್ರೈವರ್‌ನಲ್ಲೋ ಇದೆ. ಅದಕ್ಕೆ ಬೇಕಾದದ್ದು ಅಪ್‌ಡೇಟ್, ಮತ್ತಷ್ಟು ರ‍್ಯಾಮ್ ಅಲ್ಲ.