ಅಕ್ಕನ ಅಡುಗೆಮನೆಗೆ ಹ್ಯಾಂಗಿಂಗ್ ಲೈಟ್ ಕಟ್ಟಿದ್ದು

ಹ್ಯಾಂಗಿಂಗ್ ಲೈಟ್ ಎಷ್ಟು ಕೆಳಗೆ ಬಿಡಬೇಕು ಎಂದು ಕೇಳುವವರೆಲ್ಲ ತಲೆಯೆತ್ತಿ ಸ್ಲ್ಯಾಬ್ ನೋಡಿಕೊಂಡೇ ಕೇಳುತ್ತಾರೆ. ನಾನು ಟೇಪಿನ ತುದಿಯನ್ನು ಕೌಂಟರಿನ ಗ್ರಾನೈಟ್ ಮೇಲೆ ಇಡುತ್ತೇನೆ. ಉಡುಪಿ, ಮಂಗಳೂರು ಕಡೆ ಮನೆಗಳ ಒಳಗಿನ ಮರದ ಕೆಲಸ, ಲೈಟಿಂಗ್ ಕೆಲಸ ಮಾಡಿಕೊಂಡು ಬಂದವನು ನಾನು. ಅಡುಗೆಮನೆಯ ಐಲ್ಯಾಂಡ್, ಅಂದರೆ ಗೋಡೆಗೆ ತಾಗದೆ ನಡುವೆ ನಿಲ್ಲುವ ಕಟ್ಟೆ, ಅದರ ಮೇಲಿನ ದೀಪ ಅಲ್ಲಿ ನಿಲ್ಲುವವರ, ಕೂರುವವರ ಕಣ್ಣಿನ ಎತ್ತರಕ್ಕೆ ಹೊಂದಬೇಕು, ಸ್ಲ್ಯಾಬ್ ಎಷ್ಟೇ ಮೇಲಿರಲಿ. ಸಂತೆಕಟ್ಟೆ ಹತ್ತಿರ ಅಕ್ಕ-ಭಾವ ಕಟ್ಟಿಸಿದ ಮನೆಯಲ್ಲಿ ಇದನ್ನು ಸಾವಕಾಶವಾಗಿ, ಪ್ರತಿಯೊಂದನ್ನೂ ಪರೀಕ್ಷಿಸಿ ಮಾಡುವ ಅವಕಾಶ ಸಿಕ್ಕಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಅಳತೆಗಳು. ನೆಲದಿಂದ ಸ್ಲ್ಯಾಬ್‌ಗೆ ಹತ್ತೂವರೆ ಅಡಿ. ಐಲ್ಯಾಂಡ್ 6 ಅಡಿ ಉದ್ದ, 3 ಅಡಿ ಅಗಲ, ಗ್ರಾನೈಟ್ ಸೇರಿ 34 ಇಂಚು ಎತ್ತರ. ಒಂದು ಬದಿಯಲ್ಲಿ ಅಕ್ಕ ನಿಂತು ಕೆಲಸ ಮಾಡುತ್ತಾಳೆ, ಎದುರು ಬದಿಯಲ್ಲಿ ಎತ್ತರದ ಸ್ಟೂಲು ಹಾಕಿ ಮಕ್ಕಳು ತಿಂಡಿ ತಿನ್ನುತ್ತಾರೆ, ಓದುತ್ತಾರೆ.

ಈ ಕೆಲಸದಲ್ಲಿ ಎಲ್ಲರೂ ಹೇಳುವ ಒಂದು ಲೆಕ್ಕ ಉಂಟು. ಕೌಂಟರ್ ಕಲ್ಲಿನಿಂದ ಶೇಡಿನ (ಬಲ್ಬಿನ ಸುತ್ತಲಿನ ಮುಚ್ಚಳದ) ಕೆಳಗಿನ ಅಂಚಿಗೆ 30ರಿಂದ 36 ಇಂಚು. ಇದು 8 ಅಡಿ ಎತ್ತರದ ಸೀಲಿಂಗಿಗೆ. ಅದಕ್ಕಿಂತ ಮೇಲೆ ಹೋದ ಪ್ರತಿ ಅಡಿಗೆ 3 ಇಂಚು ಸೇರಿಸಿ ದೀಪವನ್ನು ಏರಿಸಿ ಎನ್ನುತ್ತಾರೆ. ಆ ಪ್ರಕಾರ ಹೋದರೆ ಅಕ್ಕನ ಮನೆಯಲ್ಲಿ ದೀಪ ಹತ್ತಿರ ಹತ್ತಿರ 40 ಇಂಚು ಮೇಲಿರಬೇಕಿತ್ತು. ಲೆಕ್ಕದ ಮೊದಲ ಅರ್ಧ ನನಗೆ ಒಪ್ಪಿಗೆ. ಎರಡನೆಯ ಅರ್ಧ ಬಾಗಿಲಲ್ಲಿ ನಿಂತು ನೋಡುವವರ ಕಣ್ಣಿಗೆ ಚೆಂದ ಕಾಣಲಿ ಎಂದು ಹುಟ್ಟಿದ್ದು. ನಮ್ಮ ಕಡೆ ಸೆಕೆಗೆ ಹೆದರಿ ಸ್ಲ್ಯಾಬ್ ಎತ್ತರಿಸುವುದು ರೂಢಿ. ಸ್ಲ್ಯಾಬ್ ಎತ್ತರವಾಯಿತೆಂದು ಅಲ್ಲಿ ತರಕಾರಿ ಕೊಯ್ಯುವವರು ಉದ್ದವಾಗುವುದಿಲ್ಲವಲ್ಲ.

ಅಕ್ಕನ ಎತ್ತರ 5 ಅಡಿ 1 ಇಂಚು. ಕಣ್ಣು ನೆತ್ತಿಯಿಂದ ಸುಮಾರು ನಾಲ್ಕೂವರೆ ಇಂಚು ಕೆಳಗಿರುತ್ತದೆ, ಅಂದರೆ ನೆಲದಿಂದ 56 ಇಂಚಿನ ಆಸುಪಾಸು. ದೊಡ್ಡ ಮಗ 5 ಅಡಿ 10 ಇಂಚು, ಅವನ ಕಣ್ಣು 65 ಇಂಚು ದಾಟುತ್ತದೆ. ಈ ಇಬ್ಬರ ನಡುವಿನ 9 ಇಂಚಿನಲ್ಲೇ ಇಡೀ ಸಮಸ್ಯೆ ಇರುವುದು. ದೀಪ ತಗ್ಗಿಸಿದರೆ ಉದ್ದ ಇರುವವನ ಮುಖಕ್ಕೆ ಶೇಡ್ ಅಡ್ಡ ಬರುತ್ತದೆ. ಏರಿಸಿದರೆ ಗಿಡ್ಡ ಇರುವವಳ ಕಣ್ಣಿಗೆ ಶೇಡಿನೊಳಗಿನ ಬಲ್ಬೇ ಕಾಣುತ್ತದೆ. ಎರಡನೆಯದನ್ನು ಹೆಚ್ಚಿನವರು ಎಣಿಸುವುದೇ ಇಲ್ಲ. ದೀಪ ಮೇಲೆ ಹೋದಷ್ಟೂ ಕಣ್ಣಿಗೆ ಹಿತ ಎಂದುಕೊಂಡಿರುತ್ತಾರೆ. ಹತ್ತಿರ ನಿಂತವರ ಮಟ್ಟಿಗೆ ಅದು ತಿರುಗುಮುರುಗು.

ಅದನ್ನು ಅಂಕಿಯಲ್ಲೇ ಹೇಳುತ್ತೇನೆ. ಶೇಡಿನ ಬಾಯಿ 10 ಇಂಚು ಅಗಲ. ಐಲ್ಯಾಂಡಿನ ಅಂಚಿನಲ್ಲಿ ನಿಂತ ಅಕ್ಕನ ಕಣ್ಣಿನಿಂದ ಶೇಡಿನ ಹತ್ತಿರದ ಅಂಚಿಗೆ ಅಡ್ಡಲಾಗಿ 13 ಇಂಚು ದೂರ. ದೀಪವನ್ನು ಕಲ್ಲಿನಿಂದ 33 ಇಂಚಿಗೆ ಕಟ್ಟಿದರೆ ಆ ಅಂಚು ಅವಳ ಕಣ್ಣಿಗಿಂತ ಹತ್ತೂವರೆ ಇಂಚು ಮೇಲಿರುತ್ತದೆ. ಆ ಓರೆಯಲ್ಲಿ ಅವಳ ದೃಷ್ಟಿ ಶೇಡಿನ ಒಳಹೊಕ್ಕು ನಡುಮಧ್ಯ ಮುಟ್ಟುವಾಗ ಅಂಚಿನಿಂದ 4 ಇಂಚು ಮೇಲೇರಿರುತ್ತದೆ. ಬಲ್ಬಿನ ತುದಿ ಅದಕ್ಕಿಂತ ಒಳಗೆ ಇದ್ದರೆ ಕಾಣುವುದಿಲ್ಲ. ಅದೇ ದೀಪವನ್ನು 40 ಇಂಚಿಗೆ ಏರಿಸಿದರೆ ಬಲ್ಬು ಆರೂಮುಕ್ಕಾಲು ಇಂಚು ಒಳಗೆ ಹೋಗಬೇಕು. ಅಷ್ಟು ಆಳದ ಶೇಡ್ ಹುಡುಕಿದರೆ ಸಿಕ್ಕೀತು, ಆದರೆ ಅರ್ಧ ಬೆಳಕನ್ನು ಅದೇ ನುಂಗುತ್ತದೆ. ಆದ್ದರಿಂದ ಅಂಗಡಿಗೆ ಹೋದಾಗ ನಾನು ಮೊದಲು ಶೇಡನ್ನು ತಲೆಕೆಳಗೆ ಮಾಡಿ, ಬಲ್ಬು ಹಾಕಿಸಿ, ಅಂಚಿನ ಮೇಲೆ ಸ್ಕೇಲು ಅಡ್ಡ ಇಟ್ಟು ಬಲ್ಬಿನ ತುದಿ ಎಷ್ಟು ಒಳಗುಂಟು ಎಂದು ಅಳೆಯುತ್ತೇನೆ. ಬಣ್ಣ, ಆಕಾರ ಎಲ್ಲ ಆಮೇಲೆ. ಭಾವನಿಗೆ ಪಾರದರ್ಶಕ ಗಾಜಿನ ಗೋಳ, ಒಳಗೆ ತಂತಿ ಕಾಣುವ ಬಲ್ಬು ಇಷ್ಟವಾಗಿತ್ತು. ಮಸ್ಕತ್ತಿನಲ್ಲಿ ಇದ್ದಾಗ ಹೋಟೆಲುಗಳಲ್ಲಿ ನೋಡಿದ್ದರು. "ಭಾವ, ಅದು ನೋಡುವ ದೀಪ. ಅಕ್ಕನಿಗೆ ಬೇಕಾದದ್ದು ಮೀನಿನ ಮುಳ್ಳು ಕಾಣುವ ದೀಪ" ಎಂದೆ. ಗಾಜಿನ ಗೋಳ ಈಗ ಊಟದ ಮೇಜಿನ ಮೂಲೆಯಲ್ಲಿ ಉಂಟು, ಅಲ್ಲಿ ಅದು ಚೆಂದವೇ.

ಅಂಕಿ ಸರಿ ಬಂದರೂ ನಾನು ವೈರ್ ಕತ್ತರಿಸುವುದಿಲ್ಲ. ಮೊದಲು ರಟ್ಟು ಸುತ್ತಿ ಶೇಡಿನಷ್ಟೇ ದಪ್ಪ, ಅಷ್ಟೇ ಉದ್ದದ ಎರಡು ಡಬ್ಬಿ ಮಾಡಿ, ಟ್ವೈನ್ ಹಗ್ಗದಲ್ಲಿ ಜಾರುಗಂಟು ಹಾಕಿ ನೇತುಬಿಟ್ಟೆ. ಗಂಟು ಸರಿಸಿದರೆ ಡಬ್ಬಿ ಮೇಲೆ ಕೆಳಗೆ ಹೋಗಬೇಕು, ಅದನ್ನು ಮನೆಯವರೇ ಮಾಡುವಂತಿರಬೇಕು. ಕೆಲವು ದಿನ ಹಾಗೇ ಬಿಟ್ಟೆವು. 30 ಇಂಚಿನಲ್ಲಿ ದೊಡ್ಡವನು ಅಮ್ಮನ ಜೊತೆ ಮಾತಾಡುವಾಗಲೆಲ್ಲ ಕುತ್ತಿಗೆ ಬಗ್ಗಿಸುವುದು ಕಂಡಿತು. 40ರಲ್ಲಿ ಒಂದು ಸಂಜೆ ರಟ್ಟಿನೊಳಗೆ ತಾತ್ಕಾಲಿಕ ಹೋಲ್ಡರ್ ಇಳಿಸಿ ನಿಜವಾದ ಎಲ್‌ಇಡಿ ಬಲ್ಬು ಉರಿಸಿದೆ. ಅಕ್ಕ ಬಸಳೆ ಕೊಯ್ಯುತ್ತಾ ಎರಡು ಸಲ ಹಣೆಗೆ ಕೈ ಅಡ್ಡ ಹಿಡಿದಳು. "ಇದು ಕಣ್ಣಿಗೆ ಕುತ್ತುತ್ತದೆ ಮಾರಾಯ, ಸ್ವಲ್ಪ ಇಳಿಸು" ಎಂದಳು. 33ಕ್ಕೆ ಇಳಿಸಿದ ಮೇಲೆ ದೀಪದ ಬಗ್ಗೆ ಯಾರೂ ಮಾತಾಡಲಿಲ್ಲ, ನನಗೆ ಬೇಕಾದದ್ದು ಅದೇ. ಅಂಚು ನೆಲದಿಂದ 67 ಇಂಚಿಗೆ ಬಂತು, ದೊಡ್ಡವನ ಕಣ್ಣಿಗಿಂತ ಒಂದೂವರೆ ಇಂಚು ಮೇಲೆ.

ಹಾಲ್‌ನ ಕುರ್ಚಿಯಲ್ಲಿ ಕೂರುವ ಅತ್ತೆಗೆ, ಅಂದರೆ ಭಾವನ ಅಮ್ಮನಿಗೆ, ಅಲ್ಲಿಂದ ಬಲ್ಬು ಕಾಣುತ್ತದೋ ಎಂದೂ ಕೂತು ನೋಡಿದೆ. ಹತ್ತು ಅಡಿ ದೂರದಿಂದ ಓರೆ ಎಷ್ಟು ಕಡಿಮೆಯೆಂದರೆ ಶೇಡಿನ ಅಂಚೇ ಎಲ್ಲವನ್ನೂ ಮುಚ್ಚುತ್ತದೆ. ತೊಂದರೆ ಯಾವಾಗಲೂ ಹತ್ತಿರದವರಿಗೇ.

ಹತ್ತಿರದವರಿಗೆ ಇನ್ನೊಂದು ಕಡೆಯಿಂದಲೂ ಬೆಳಕು ಹೊಡೆಯುತ್ತದೆ, ಕೆಳಗಿನಿಂದ. ಪಾಲಿಶ್ ಮಾಡಿದ ಕಪ್ಪು ಗ್ರಾನೈಟ್ ಕನ್ನಡಿಯೇ. ಶೇಡ್ ಎಷ್ಟು ಆಳ ಇದ್ದರೂ ತಲೆ ತಗ್ಗಿಸಿದಾಗ ಬಲ್ಬಿನ ಬಿಂಬ ಕಲ್ಲಿನಲ್ಲಿ ಕಾಣುತ್ತದೆ. ಕಲ್ಲು ಇನ್ನೂ ತಾರದಿದ್ದರೆ ಕನ್ನಡಿಯಂತೆ ಹೊಳೆಯದ ಲೆದರ್ ಫಿನಿಶ್ ಕೇಳಿ. ಅಕ್ಕನ ಮನೆಯಲ್ಲಿ ಕಲ್ಲು ಕೂರಿಸಿ ಆಗಿತ್ತು, ಹಾಗಾಗಿ ಹಾಲುಬಣ್ಣದ ಮೈಯ ಬಲ್ಬು ಹಾಕಿದೆ. ಬಿಂಬ ಬೀಳುತ್ತದೆ, ಚುಚ್ಚುವುದಿಲ್ಲ.

ದೀಪ ಎರಡೋ ಮೂರೋ ಎಂಬ ಚರ್ಚೆ ಮನೆಯಲ್ಲಿ ಜೋರಾಗಿಯೇ ನಡೆಯಿತು. ಫೋಟೋಗಳಲ್ಲಿ ಮೂರು ಇರುತ್ತವೆ. 6 ಅಡಿ ಐಲ್ಯಾಂಡಿಗೆ ಮೂರು ಹಾಕಿದರೆ ನಡುವಿನದು ಸರಿಯಾಗಿ ಮಧ್ಯಕ್ಕೆ ಬರುತ್ತದೆ. ಇದನ್ನು ತೀರ್ಮಾನಿಸಿದ್ದು ಅಕ್ಕನ ಸೇಮಿಗೆ ಮಣೆ, ಅಂದರೆ ಶಾವಿಗೆ ಒತ್ತುವ ಸಾಧನ. ಮೂರು ಕಾಲಿನ ಹಳೆಯ ಮಣೆ ಅದು, ತಿರುಪನ್ನು ಪೂರ್ತಿ ಮೇಲೆತ್ತಿದಾಗ ಹಿಡಿ ಎರಡು ಅಡಿ ದಾಟುತ್ತದೆ. ಒತ್ತುವವರ ಕೈ, ಮೊಣಕೈ ಅದಕ್ಕಿಂತಲೂ ಮೇಲೆ, ಸುತ್ತಲೂ ತಿರುಗುತ್ತದೆ. ಮೊದಲೆಲ್ಲ ನೆಲದ ಮೇಲೆ ಇಟ್ಟು ಒತ್ತುತ್ತಿದ್ದರು, ಈಗ ಮಂಡಿನೋವಿನಿಂದಾಗಿ ಕೌಂಟರ್ ಮೇಲೆ. ನಡುವಿನಲ್ಲಿ ದೀಪ ಇದ್ದರೆ ಭಾನುವಾರ ಬೆಳಿಗ್ಗೆ ಸೇಮಿಗೆ ಆಗುವುದಿಲ್ಲ. ಹಾಗಾಗಿ ಎರಡೇ ದೀಪ, ಪ್ರತಿ ತುದಿಯಿಂದ 18 ಇಂಚು ಒಳಗೆ, ಒಂದರಿಂದ ಇನ್ನೊಂದಕ್ಕೆ 36 ಇಂಚು. ಶೇಡಿನ ಅಗಲ ಕಳೆದರೂ ನಡುವೆ 26 ಇಂಚು ಖಾಲಿ ಜಾಗ. ಎದುರುಬದುರು ಮಾತಾಡುವವರ ಮುಖಕ್ಕೂ ಅದೇ ಕಿಟಕಿ. ನಿಮ್ಮ ಮನೆಯ ಕೌಂಟರ್ ಮೇಲೆ ಅತಿ ಎತ್ತರಕ್ಕೆ ಹೋಗುವ ವಸ್ತು ಯಾವುದು ಎಂದು ಮೊದಲೇ ನೋಡಿಕೊಳ್ಳಿ. ಇಡ್ಲಿ ಅಟ್ಟದ ಮುಚ್ಚಳ ತೆಗೆಯುವಾಗ ಕೈ ಎಲ್ಲಿಗೆ ಹೋಗುತ್ತದೆ ಎನ್ನುವುದನ್ನೂ.

ಇನ್ನು ನೇತುಹಾಕುವ ಜಾಗ. ಸ್ಲ್ಯಾಬ್ ಹಾಕುವಾಗ ಬಿಟ್ಟ ಪಾಯಿಂಟ್ ಕೋಣೆಯ ಮಧ್ಯದಲ್ಲಿತ್ತು. ಐಲ್ಯಾಂಡ್ ಮಾತ್ರ ಫ್ರಿಜ್ಜಿನ ಬಾಗಿಲಿಗೆ ಜಾಗ ಬಿಡಬೇಕಾಗಿ ಒಂದೂವರೆ ಅಡಿ ಸರಿದಿತ್ತು. ಇದು ನಾನು ನೋಡಿದ ಹೆಚ್ಚಿನ ಮನೆಗಳ ಕಥೆ. ಕೆಲವರು ಅಡುಗೆಮನೆಗೆಲ್ಲ ಜಿಪ್ಸಮ್ ಸೀಲಿಂಗ್ ಮಾಡಿಸಿ ಮುಚ್ಚುತ್ತಾರೆ. ನಮ್ಮ ಮಳೆಗಾಲದ ತೇವಕ್ಕೆ, ಒಗ್ಗರಣೆ ಹೊಗೆಗೆ ಅದು ನನಗೆ ಇಷ್ಟವಿಲ್ಲ. ನಾನು ಹಲಸಿನ ಮರದ ಐದು ಅಡಿಯ ಹಲಗೆ ತೆಗೆದುಕೊಂಡು, ಹಿಂಬದಿಯಲ್ಲಿ ಗಾಡಿ, ಅಂದರೆ ಉದ್ದನೆಯ ಕಾಲುವೆ, ತೋಡಿಸಿ, ವೈರು ಅದರೊಳಗೆ ಹೋಗುವಂತೆ ಮಾಡಿ, ಹಲಗೆಯನ್ನು ಆ್ಯಂಕರ್ ಬೋಲ್ಟಿನಲ್ಲಿ ನೇರ ಕಾಂಕ್ರೀಟಿಗೆ ಬಿಗಿದೆ. ಡ್ರಿಲ್ ಮಾಡುವ ಮೊದಲು ಸ್ಲ್ಯಾಬಿನೊಳಗೆ ಪೈಪು ಯಾವ ದಿಕ್ಕಿಗೆ ಹೋಗಿದೆ ಎಂಬ ಫೋಟೋ ಭಾವನ ಮೊಬೈಲಿನಲ್ಲಿ ಇತ್ತು, ಕಾಂಕ್ರೀಟ್ ಹಾಕುವ ಮುಂಚೆ ತೆಗೆದದ್ದು. ಮನೆ ಕಟ್ಟುವವರೆಲ್ಲ ಆ ಫೋಟೋ ತೆಗೆದಿಟ್ಟುಕೊಳ್ಳಿ. ಹಂಚಿನ ಮಾಡಿನ ಅಡುಗೆಮನೆಯಾದರೆ ಇನ್ನೂ ಸುಲಭ, ಮಾಡು ಹೊರುವ ಮರಗಳಾದ ಪಕ್ಕಾಸಿನಿಂದ ಪಕ್ಕಾಸಿಗೆ ಹಲಗೆ ಕೊಟ್ಟರಾಯಿತು. ಹಂಚು ಕೂರುವ ತೆಳು ರೀಪಿಗೆ ಮಾತ್ರ ಭಾರ ಕೊಡಬೇಡಿ.

ವಯರಿಂಗ್ ಕೆಲಸ ಲೈಸೆನ್ಸ್ ಇರುವ ನಮ್ಮ ಹುಡುಗರದ್ದು, ನಾನು ನಿಂತು ನೋಡಿಕೊಂಡೆ. ಮೇನ್ ಎಂಸಿಬಿ (ಕರೆಂಟ್ ಕಡಿಯುವ ಸ್ವಿಚ್ಚು) ಇಳಿಸಿ, ಟೆಸ್ಟರ್ ಹಾಕಿ ನೋಡಿದ ಮೇಲೆಯೇ ಕೈ. ಶೇಡ್ ಅಲ್ಯೂಮಿನಿಯಂ, ಆದ್ದರಿಂದ ಮೂರು ಎಳೆಯ ವೈರು, ಅರ್ತ್ ಕಡ್ಡಾಯ. ಶೇಡಿನ ಭಾರವನ್ನು ಸ್ಟೀಲ್ ತಂತಿ ಹೊರಬೇಕು, ಕರೆಂಟಿನ ವೈರಿನ ಜಾಯಿಂಟ್ ಎಳೆತ ತಿನ್ನಬಾರದು. ಸ್ಟೀಲ್ ಎಂದರೆ ಸ್ಟೇನ್‌ಲೆಸ್‌ನ 304 ಎಂಬ ದರ್ಜೆ, ಕಡಲು ಇನ್ನೂ ಹತ್ತಿರವಿದ್ದರೆ 316. ಮಲ್ಪೆ ಕಡೆಯಿಂದ ಬರುವ ಉಪ್ಪುಗಾಳಿಗೆ ಸಾದಾ ಕಬ್ಬಿಣದ ಕೊಕ್ಕೆ ಹೆಚ್ಚು ಕಾಲ ಬಾಳುವುದಿಲ್ಲ, ಒಳಗೊಳಗೇ ತಿಂದುಹೋಗುತ್ತದೆ. ಬಿದಿರು, ಬಟ್ಟೆಯ ಶೇಡುಗಳಿಗೆ ಮಳೆಗಾಲದ ಆಟಿ ತಿಂಗಳಲ್ಲಿ ಬೂಷ್ಟು ಹಿಡಿಯುತ್ತದೆ. ಎಷ್ಟು ಚೆಂದ ಕಂಡರೂ ಅಡುಗೆಮನೆಗೆ ತರಬೇಡಿ.

ಫ್ಯಾನಿನ ಪ್ರಶ್ನೆಯೂ ಬಂತು. ಉಡುಪಿಯ ಸೆಕೆಯಲ್ಲಿ ಫ್ಯಾನಿಲ್ಲದೆ ಅಡುಗೆಮನೆ ಸಾಧ್ಯವಿಲ್ಲ. ಸೀಲಿಂಗ್ ಫ್ಯಾನ್ ಪಕ್ಕದಲ್ಲಿದ್ದರೆ ದೀಪ ದಿನವಿಡೀ ತೂಗಾಡುತ್ತದೆ, ಚಾಕು ಹಿಡಿದ ಕೈಯ ನೆರಳೂ ತೂಗಾಡುತ್ತದೆ. ಗೋಡೆ ಫ್ಯಾನ್ ಹಾಕಿ, ಗಾಳಿ ನಿಂತವರ ಬೆನ್ನಿಗೆ ಹೋಗುವಂತೆ ತಿರುಗಿಸಿದೆವು. ಸೀಲಿಂಗ್ ಫ್ಯಾನೇ ಬೇಕು ಎನ್ನುವವರು ದೀಪಕ್ಕೆ ವೈರಿನ ಬದಲು ಗಟ್ಟಿ ರಾಡ್ ಹಾಕಿಸಿಕೊಳ್ಳಲಿ.

ಬಲ್ಬು ತಲಾ 9 ವ್ಯಾಟ್, ಸುಮಾರು 900 ಲ್ಯೂಮೆನ್. ಬೆಳಕು ದೂರಕ್ಕೆ ಹೋದಂತೆ ದೂರದ ವರ್ಗಕ್ಕೆ ತಕ್ಕಂತೆ ತಗ್ಗುತ್ತದೆ. ಬಲ್ಬು ಕಲ್ಲಿನಿಂದ 36 ಇಂಚು ಇದ್ದದ್ದು 24ಕ್ಕೆ ಇಳಿದರೆ ನೇರ ಕೆಳಗಿನ ಬೆಳಕು ಎರಡು ಪಟ್ಟಿಗೂ ಮಿಕ್ಕಿ ಹೆಚ್ಚುತ್ತದೆ, ಎರಡು ದೀಪಗಳ ನಡುವೆ ಮಾತ್ರ ಕತ್ತಲು ಉಳಿಯುತ್ತದೆ. ಆದ್ದರಿಂದ ಬೆಳಕು ಸಾಲದೆಂದು ದೀಪ ಇಳಿಸಬೇಡಿ, ಬಲ್ಬು ಬದಲಿಸಿ. ಬಣ್ಣಕ್ಕೆ ನಾನು ಆರಿಸಿದ್ದು 4000 ಕೆಲ್ವಿನ್ (ಈ ಅಂಕಿ ಏರಿದಷ್ಟೂ ಬೆಳಕು ಹಳದಿಯಿಂದ ಬಿಳಿಗೆ ತಿರುಗುತ್ತದೆ), ಸಿಆರ್‌ಐ, ಅಂದರೆ ಬಣ್ಣಗಳನ್ನು ಇದ್ದಂತೆ ತೋರಿಸುವ ಗುಣ, ನೂರಕ್ಕೆ 90. ನಮ್ಮವರಿಗೆ 6500ರ ಅಚ್ಚ ಬಿಳಿ ಬೆಳಕಿನ ಮೇಲೆ ಮೋಹ ಜಾಸ್ತಿ, ಅದರಲ್ಲಿ ಬಂಗುಡೆಯ ಕಿವಿರಿನ ಕೆಂಪು ಕೂಡ ಮಂಕಾಗಿ ಕಾಣುತ್ತದೆ. ಮೀನು ತಾಜಾ ಹೌದೋ ಅಲ್ಲವೋ ನೋಡುವ ಜಾಗದಲ್ಲಿ ಕೆಂಪು ಕೆಂಪಾಗಿಯೇ ಕಾಣಬೇಕು.

ಈ ದೀಪಗಳ ಸ್ವಿಚ್ಚನ್ನು ಅಡುಗೆಮನೆಯ ಉಳಿದ ಲೈಟಿನಿಂದ ಬೇರೆ ಮಾಡಿದೆ. ಕಾರಣ ಮಳೆಹುಳ. ಮೊದಲ ಮಳೆ ಬಿದ್ದ ಸಂಜೆ ರೆಕ್ಕೆಹುಳಗಳು ಏಳುವುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಅಡುಗೆಗೆ ಇಷ್ಟು ಹತ್ತಿರ ದೀಪ ಇದ್ದರೆ ಎಲ್ಲ ಬಂದು ಸಾರಿನ ಪಾತ್ರೆಗೇ ಬೀಳುತ್ತವೆ. ಆ ಹೊತ್ತಿಗೆ ಇವೆರಡನ್ನೂ ಆರಿಸಿ, ಹೊರಗೆ ಜಗಲಿಯ ಲೈಟ್ ಹಾಕಿಬಿಟ್ಟರೆ ಹೆಚ್ಚಿನವು ಅತ್ತ ಹೋಗುತ್ತವೆ. ಬಾಯಿ ಮೇಲಿರುವ ಬಟ್ಟಲಿನಂಥ ಶೇಡ್ ನಮ್ಮ ಊರಿಗೆ ಆಗದ್ದೂ ಇದಕ್ಕೇ, ಒಂದು ಮಳೆಗಾಲಕ್ಕೆ ಒಳಗೆಲ್ಲ ಹುಳ ತುಂಬುತ್ತದೆ.

ಕೊನೆಗೆ ವೈರ್ ಕತ್ತರಿಸುವಾಗ ಅಳತೆಗಿಂತ ಒಂದು ಅಡಿ ಹೆಚ್ಚು ಇಟ್ಟು, ಹಲಗೆಯ ಹಿಂದಿನ ಗಾಡಿಯಲ್ಲಿ ಸುರುಳಿ ಸುತ್ತಿಟ್ಟೆ. ಗಾಡಿಯಲ್ಲಿ ಇನ್ನಷ್ಟು ಸುರುಳಿ ಹಿಡಿಯುವ ಜಾಗವೂ ಉಂಟು. ಅಕ್ಕನ ಕಿರಿಯ ಮಗ ಈಗ ಹತ್ತನೇ ಕ್ಲಾಸು, ಅಣ್ಣನಿಗಿಂತ ಉದ್ದವಾಗುವ ಲಕ್ಷಣ ಕಾಣುತ್ತಿದೆ. ಹಾಗಾದರೆ ವೈರನ್ನು ಒಂದೆರಡು ಇಂಚು ಮೇಲಕ್ಕೆ ಎಳೆದು, ಬಲ್ಬನ್ನು ಅಷ್ಟಕ್ಕೆ ತಕ್ಕಂತೆ ಶೇಡಿನೊಳಗೆ ಇನ್ನೂ ಮೇಲೆ ಸರಿಸಿ ಕೊಡುತ್ತೇನೆ ಎಂದು ಹೇಳಿ ಬಂದಿದ್ದೇನೆ. ಅದಕ್ಕೆ ಹಲಗೆಯ ನಾಲ್ಕು ಬೋಲ್ಟು ಸಡಿಲಿಸಿದರೆ ಸಾಕು.