ಈ ಸೈಟ್ ಯಾವ ಸೈಟ್?

ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಗೆಳೆಯನೊಬ್ಬ ಪೆನ್ನು, ನೋಟ್‌ಬುಕ್ಕಿನ ಅಂಗಡಿ ಇಟ್ಟ. ಬೋರ್ಡಿಗೆ ಇಂಗ್ಲಿಷಿನಲ್ಲಿ ‘ಸ್ಟೇಷನರಿ’ ಅಂತ ಬರೆದುಕೊಟ್ಟವನು ನಾನು. ಬಣ್ಣ ಒಣಗುವಷ್ಟರಲ್ಲಿ ಕಾಲೇಜು ಹುಡುಗಿಯೊಬ್ಬಳು ಬಂದು, ‘ಅಂಕಲ್, ಅಂಗಡಿ ಎಲ್ಲಿಗೂ ಹೋಗಲ್ಲ ಅಂತ ಬರೆಸಿದ್ದೀರಾ?’ ಎಂದು ನಕ್ಕಳು. ಬಾಲದಲ್ಲಿ ‘ಇ-ಆರ್-ವೈ’ ಇರಬೇಕಿತ್ತು. ನಾನು ‘ಎ-ಆರ್-ವೈ’ ಹಾಕಿದ್ದೆ. ‘ಎ’ ಇದ್ದರೆ ನಿಂತಲ್ಲೇ ನಿಂತಿರುವುದು, ಅಲುಗಾಡದ್ದು ಎಂದರ್ಥ.

ಮಜಾ ಏನೆಂದರೆ ಎರಡರ ಬೇರೂ ಒಂದೇ. ಹಿಂದೆ ಯುರೋಪಿನಲ್ಲಿ ಊರೂರು ತಿರುಗಿ ಮಾರುವವರು ಬಹಳ. ಒಂದೇ ಕಡೆ ಅಂಗಡಿ ಹಾಕಿ ಕೂತ ಪುಸ್ತಕದ ವ್ಯಾಪಾರಿ ‘ಸ್ಟೇಷನರ್’ ಆದ. ಅವನ ಸರಕು ಸ್ಟೇಷನರಿ. ‘ಪೇಪರ್’ ಪದದ ಕೊನೆ ನೋಡಿ, ಅಲ್ಲೂ ‘ಇ-ಆರ್’. ಇಷ್ಟು ನೆನಪಿದ್ದರೆ ಸಾಕು.

ಹೌದು, ಇಷ್ಟೇ ಸಾಕು. ಕಿವಿಗೆ ಒಂದೇ, ಸ್ಪೆಲಿಂಗ್ ಬೇರೆ ಆದ ಇಂಥ ಇಂಗ್ಲಿಷ್ ಜೋಡಿಪದಗಳನ್ನು ಕಲಿಯುವ ಮೊದಲ ಹೆಜ್ಜೆಯೇ ಅದು: ಜೋಡಿಯಲ್ಲಿ ಒಂದನ್ನು ಮಾತ್ರ ಗಟ್ಟಿ ಮಾಡಿ. ಎರಡನ್ನೂ ಒಟ್ಟಿಗೆ ಉರು ಹೊಡೆದರೆ ಪರೀಕ್ಷೆ ದಿನ ಅದಲು ಬದಲಾಗುತ್ತದೆ.

ಆಮೇಲೆ, ಆ ಪದವನ್ನು ನಮ್ಮ ಮಾತಿಗೆ ಗಂಟು ಹಾಕಿ. ಶಿರಾ ಗೇಟ್ ಕಡೆ ಕೊಳ್ಳುವ ಮೂವತ್ತು-ನಲವತ್ತು ಸೈಟ್ ಒಂದು. ಬಸ್ ಸ್ಟ್ಯಾಂಡಿನಲ್ಲಿ ಹುಡುಗರು ಹೊಡೆಯುವ ಸೈಟ್ ಇನ್ನೊಂದು. ನೋಟದ ಸೈಟ್‌ಗೆ ‘ಲೈಟ್’, ‘ನೈಟ್’ಗಳದ್ದೇ ಬಾಲ, ‘ಜಿ-ಎಚ್-ಟಿ’. ಬೆಳಕಿಲ್ಲದೆ ನೋಟ ಎಲ್ಲಿ, ಅಲ್ವಾ? ಆ ‘ಜಿ-ಎಚ್’ ಸುಮ್ನೆ ಬಂದದ್ದಲ್ಲ. ಹಿಂದೆ ಅದನ್ನು ಗಂಟಲಿನಿಂದ ಉಚ್ಚರಿಸುತ್ತಿದ್ದರು. ಇಂಗ್ಲೆಂಡಿನಲ್ಲಿ 1476ರಲ್ಲಿ ಅಚ್ಚಿನ ಕೆಲಸ ಶುರುವಾದ ಮೇಲೆ ಸ್ಪೆಲಿಂಗ್ ನಿಧಾನವಾಗಿ ಗಟ್ಟಿಯಾಯಿತು. ನಾಲಿಗೆ ಮಾತ್ರ ಬದಲಾಗುತ್ತಲೇ ಹೋಯಿತು.

‘ಪ್ರಿನ್ಸಿಪಾಲ್’ ವಿಷಯದಲ್ಲಿ ನಮ್ಮ ಉಚ್ಚಾರಣೆಯೇ ಕಾಪಾಡುತ್ತದೆ. ನಾವು ‘ಪಾಲ್’ ಎಂದು ಎಳೆಯುತ್ತೇವಲ್ಲ, ಸ್ಪೆಲಿಂಗೂ ‘ಪಿ-ಎ-ಎಲ್’. ಬ್ಯಾಂಕ್ ಸಾಲದ ಅಸಲಿಗೂ ಇದೇ ಪದ. ‘ಎಲ್-ಇ’ ಬಂದರೆ ಅದು ತತ್ವ, ನಿಯಮ.

ಇನ್ನು ಕೆಲವು ಜೋಡಿಗಳು ಇಂಗ್ಲಿಷರ ಕಿವಿಗೆ ಬೇರೆ, ನಮ್ಮ ಕಿವಿಗೆ ಒಂದೇ. ಝೇಂಕರಿಸುವ ಆ ‘ಝಡ್’ ಸದ್ದು ನಮ್ಮಲ್ಲಿ ‘ಸ’ ಆಗಿಬಿಡುತ್ತದೆ. ಅಂಗಡಿಯ ಬೆಲೆಯೂ ‘ಪ್ರೈಸ್’, ಓಟದಲ್ಲಿ ಗೆದ್ದ ಬಹುಮಾನವೂ ‘ಪ್ರೈಸ್’. ‘ಅಡ್ವೈಸ್’ ಬರೆಯುವ ಮುಂಚೆ ಕನ್ನಡದಲ್ಲಿ ಹೇಳಿ ನೋಡಿ. ‘ಸಲಹೆ’ ಎಂದರೆ ‘ಸಿ’, ‘ಸಲಹೆ ಕೊಡು’ ಎಂದರೆ ‘ಎಸ್’. ‘ಲೂಸ್’ ಇನ್ನೂ ಸುಲಭ. ಕಳೆದುಕೊಳ್ಳುವ ಲೂಸ್ ಒಂದು ‘ಒ’ ಕಳೆದುಕೊಂಡಿದೆ. ಸಡಿಲ ಸ್ಕ್ರೂವಿನ ಲೂಸ್‌ನಲ್ಲಿ ಎರಡೂ ಇವೆ.

ಮೊಬೈಲಿನ ಕೆಂಪು ಗೆರೆಯನ್ನು ಮಾತ್ರ ನೆಚ್ಚಬೇಡಿ. ಎರಡೂ ನಿಜವಾದ ಪದಗಳೇ ಆದ್ದರಿಂದ ಅದು ಎಷ್ಟೋ ಸಲ ಗೆರೆಯನ್ನೇ ಹಾಕುವುದಿಲ್ಲ.

ಗೆಳೆಯ ಹೊಸ ಬೋರ್ಡ್ ಮಾಡಿಸಲಿಲ್ಲ, ‘ಎ’ ಮೇಲೆಯೇ ‘ಇ’ ಬರೆಸಿದ. ಎರಡು ಬೇಸಿಗೆಗೆ ಬಣ್ಣ ಮಾಸಿ, ಕೆಳಗಿನ ನನ್ನ ‘ಎ’ ಈಗ ಮತ್ತೆ ಇಣುಕುತ್ತಿದೆ.